ಪೈಪಿನ ಫಿಲ್ಟರು ಹಿಡಿಯುವುದೇನು, ಬಿಡುವುದೇನು

(ತುಮಕೂರಿನಲ್ಲಿ ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಕೊನೆಯಲ್ಲಿ ಸೇರಿಸಲಾಗಿದೆ.)

ಮಾನ್ಯರೇ,

ತುಮಕೂರಿನಂಥ ಊರಿನಲ್ಲಿ ತಂಬಾಕಿನ ಪೈಪಿನ ಬಗ್ಗೆ, ಅದರಲ್ಲೂ ಪೈಪಿನೊಳಗೆ ಕೂರಿಸುವ ಬೆರಳುದ್ದಕ್ಕೂ ಕಡಿಮೆಯಾದ ಒಂದು ಫಿಲ್ಟರಿನ ಬಗ್ಗೆ ಉಪನ್ಯಾಸವೇಕೆ ಎಂಬ ಪ್ರಶ್ನೆ ಸಹಜವಾದದ್ದು. ನಮ್ಮ ಕಡೆ ಸೇದುವವರ ಕೈಯಲ್ಲಿರುವುದು ಹೆಚ್ಚಾಗಿ ಬೀಡಿ, ಸಿಗರೇಟು. ಈ ನಗರದಲ್ಲಿ ಬೀಡಿ ಕಟ್ಟಿಯೇ ಮನೆ ನಡೆಸುವ ಹೆಣ್ಣುಮಕ್ಕಳು ಇಂದಿಗೂ ಇದ್ದಾರೆ. ಪೈಪು ಸೇದುವವರು ಮಾತ್ರ ಬೆರಳೆಣಿಕೆಯಷ್ಟು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬೀಡಿ, ಸಿಗರೇಟು ಬಿಡಬೇಕೆಂದುಕೊಂಡವರಲ್ಲಿ ಕೆಲವರು, ವಿಶೇಷವಾಗಿ ಓದಿಕೊಂಡ ಯುವಕರು, ಫಿಲ್ಟರ್ ಹಾಕಿದ ಪೈಪಾದರೆ ತೊಂದರೆಯಿಲ್ಲ ಎಂಬ ಮಾತನ್ನು ನಂಬಿ ಪೈಪು ತರಿಸಿಕೊಳ್ಳುತ್ತಿದ್ದಾರೆ. ರಸಾಯನಶಾಸ್ತ್ರ ಪಾಠ ಮಾಡಿದವನೆಂಬ ಕಾರಣಕ್ಕೆ ಅವರಲ್ಲಿ ಒಬ್ಬಿಬ್ಬರು ನನ್ನನ್ನೂ ಈ ಬಗ್ಗೆ ಕೇಳಿದ್ದುಂಟು. ಈ ಮಾತು ಪೂರ್ತಿ ಸುಳ್ಳಲ್ಲ, ಆದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕಾಗಿದೆ. ಫಿಲ್ಟರು ಕೆಲಸ ಮಾಡುತ್ತದೆ. ಆದರೆ ಅದು ಮಾಡುವ ಕೆಲಸ ಒಂದು, ನಾವು ಅದರಿಂದ ನಿರೀಕ್ಷಿಸುವ ಕೆಲಸ ಇನ್ನೊಂದು. ಈ ಎರಡರ ನಡುವಿನ ಅಂತರವೇ ಇಂದಿನ ನನ್ನ ವಿಷಯ.

ಮೊದಲು ಪೈಪಿನ ರಚನೆಯನ್ನು ನೋಡೋಣ. ತಂಬಾಕು ತುಂಬುವ ಬಟ್ಟಲು, ಅದರ ತಳದಿಂದ ಹೊರಡುವ ಸಣ್ಣ ರಂಧ್ರ, ಆ ರಂಧ್ರವನ್ನು ಹೊತ್ತ ಮರದ ಕತ್ತು, ಕತ್ತಿಗೆ ಸಿಕ್ಕಿಸುವ ಬಾಯಿಕೊಳವೆ: ಇಷ್ಟೇ ಅದರ ಭಾಗಗಳು. ಒಳ್ಳೆಯ ಪೈಪುಗಳನ್ನು ಬ್ರಯರ್ ಎಂಬ ಗಂಟಿನಿಂದ ಮಾಡುತ್ತಾರೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಗಿಡದ ಬುಡದಲ್ಲಿ, ಬೇರಿಗೂ ಕಾಂಡಕ್ಕೂ ನಡುವೆ ಬಲಿಯುವ ಗಂಟು ಅದು. ಬೆಂಕಿಯ ಕಾವನ್ನು ತಾಳಿಕೊಳ್ಳುತ್ತದೆ, ತೇವವನ್ನು ಸ್ವಲ್ಪಮಟ್ಟಿಗೆ ಹೀರಿಕೊಳ್ಳುತ್ತದೆ. ಟರ್ಕಿಯ ಎಸ್ಕಿಶೆಹಿರ್ ಸುತ್ತ ಅಗೆಯುವ ಮೀರ್‌ಶಾಮ್ ಎಂಬ ಹಗುರವಾದ ಬಿಳಿ ಖನಿಜದಿಂದಲೂ, ಸುಟ್ಟ ಜೇಡಿಮಣ್ಣಿನಿಂದಲೂ, ಅಮೆರಿಕದ ಮಿಸೌರಿಯಲ್ಲಿ ಒಣಗಿದ ಮುಸುಕಿನ ಜೋಳದ ದಿಂಡಿನಿಂದಲೂ ಪೈಪು ಮಾಡುವುದುಂಟು. ವಸ್ತು ಯಾವುದೇ ಇರಲಿ, ಪೈಪು ಸೇದುವವರೆಲ್ಲರನ್ನೂ ಕಾಡುವ ತೊಂದರೆ ಒಂದೇ, ಅದು ನೀರು.

ಬೆಂಕಿ ಉರಿಯುವ ಜಾಗದಲ್ಲಿ ನೀರು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮೂರು ಕಡೆಯಿಂದ ಬರುತ್ತದೆ. ಪೈಪಿನ ತಂಬಾಕನ್ನು ಸಿಗರೇಟಿನ ತಂಬಾಕಿಗಿಂತ ಹೆಚ್ಚು ತೇವವಾಗಿಯೇ ಮಾರುತ್ತಾರೆ. ಅದು ಒಣಗಿ ಪುಡಿಯಾಗದಿರಲೆಂದು ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್‌ನಂಥ ತೇವ ಹಿಡಿದಿಡುವ ದ್ರವಗಳನ್ನು ಸೇರಿಸುವುದೂ ಇದೆ. ಈ ತೇವವೆಲ್ಲ ಕೆಂಡದ ಕಾವಿಗೆ ಹಬೆಯಾಗುತ್ತದೆ. ಎರಡನೆಯದು, ಎಲೆ ಎಷ್ಟೇ ಒಣಗಿದ್ದರೂ ಅದರ ಸೆಲ್ಯುಲೋಸಿನಲ್ಲಿ, ಸಕ್ಕರೆಯಲ್ಲಿ ಇರುವ ಹೈಡ್ರೋಜನ್ ಉರಿದಾಗ ಹೊಸದಾಗಿ ನೀರು ಹುಟ್ಟುತ್ತದೆ. ಸಾವಯವ ವಸ್ತು ಯಾವುದು ಉರಿದರೂ ಇದು ತಪ್ಪಿದ್ದಲ್ಲ. ಮೂರನೆಯದು ಸೇದುವವರ ಬಾಯಿಯ ಎಂಜಲು. ಹಬೆ ತುಂಬಿದ ಬಿಸಿ ಹೊಗೆ ಕತ್ತಿನ ಕಿರಿದಾದ ರಂಧ್ರಕ್ಕೆ ಬಂದೊಡನೆ ತಣಿಯುತ್ತದೆ, ಹಬೆ ನೀರಾಗುತ್ತದೆ, ಆ ನೀರಿನಲ್ಲಿ ಹೊಗೆಯ ಜಿಗುಟು ಅಂಶವಾದ ಟಾರು ಮತ್ತು ನಿಕೋಟಿನ್ ಬೆರೆತು ಕಂದು ಬಣ್ಣದ ಕಹಿ ರಸವಾಗುತ್ತದೆ. ಪೈಪು ಗೊರಗೊರ ಎನ್ನುವುದು ಈ ರಸದಿಂದ. ರಸ ನಾಲಿಗೆಗೆ ಬಂದರೆ ಬಾಯಿ ಕೆಡುತ್ತದೆ.

ಹಬೆ ಮಾಡುವ ಇನ್ನೊಂದು ಕೆಲಸವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಫಿಲ್ಟರಿಗೆ ಬಂದಿರುವ ಒಳ್ಳೆಯ ಹೆಸರಿನ ಬಹುಪಾಲು ಇದರಿಂದಲೇ ಬಂದದ್ದು. 1 ಗ್ರಾಂ ಹಬೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖವನ್ನು ಹೊರಗೆ ಬಿಡುತ್ತದೆ. ಇದು ಅದೇ ತೂಕದ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾದ ಶಾಖದ ಐದು ಪಟ್ಟಿಗಿಂತ ಹೆಚ್ಚು. ಹಬೆ ತುಂಬಿದ ಹೊಗೆ ನಾಲಿಗೆಯ ಮೇಲೆ ತಣಿದರೆ ಆ ಶಾಖವೆಲ್ಲ ನಾಲಿಗೆಗೇ ಇಳಿಯುತ್ತದೆ. ಒಣ ಹೊಗೆ ಸುಡದಷ್ಟು ಒದ್ದೆ ಹೊಗೆ ಸುಡುತ್ತದೆ. ಅವಸರದಿಂದ ಮೇಲಿಂದ ಮೇಲೆ ದಮ್ಮು ಎಳೆಯುವವರ ನಾಲಿಗೆ ಉರಿದು ಎರಡು ಮೂರು ದಿನ ಸಾರಿನ ಖಾರವನ್ನೂ ತಾಳದಂತಾಗುವುದಕ್ಕೆ ಹೊಗೆಯ ಕ್ಷಾರಗುಣದ ಜತೆಗೆ ಈ ಹಬೆಯೂ ಕಾರಣ. ಫಿಲ್ಟರು ಹಬೆಯನ್ನು ಮಧ್ಯದಲ್ಲೇ ಹಿಡಿದು ನೀರಾಗಿಸಿದರೆ ಆ ಶಾಖವೂ ಅಲ್ಲಿಯೇ ಉಳಿಯುತ್ತದೆ, ಬಾಯಿಗೆ ಬರುವ ಹೊಗೆ ಹಿತವಾಗಿರುತ್ತದೆ. ಹಿತವಾಗಿರುವುದು ನಿಜವೇ ಹೊರತು ಭ್ರಮೆಯಲ್ಲ. ಹಿತವಾದದ್ದು ಹಾನಿಯಿಲ್ಲದ್ದು ಎಂದು ಮನಸ್ಸು ತಾನಾಗಿಯೇ ಮುಂದುವರಿಯುತ್ತದಲ್ಲ, ತೊಂದರೆ ಅಲ್ಲಿದೆ.

ಪೈಪು ಮಾಡುವವರು ನೀರಿನ ಸಮಸ್ಯೆಯನ್ನು ಫಿಲ್ಟರಿಲ್ಲದೆಯೂ ಬಿಡಿಸಿಕೊಂಡಿದ್ದಾರೆ. ಡಬ್ಲಿನ್ನಿನ ಚಾರ್ಲ್ಸ್ ಪೀಟರ್ಸನ್ 1890ರಲ್ಲಿ ಹಕ್ಕುಸ್ವಾಮ್ಯ ಪಡೆದ ಪೈಪಿನಲ್ಲಿ ಕತ್ತಿನೊಳಗೆ ಒಂದು ಗುಂಡಿ ತೋಡಿರುತ್ತದೆ. ಹೊಗೆ ಆ ಗುಂಡಿಯ ಮೇಲೆ ಹಾದು ಹೋಗುವಾಗ ನೀರು ಕೆಳಗೆ ಇಳಿದು ನಿಲ್ಲುತ್ತದೆ, ಸೇದಿ ಮುಗಿದ ಮೇಲೆ ಕೊಡವಿ ಒರೆಸಿದರಾಯಿತು. 1930ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಫಾಲ್ಕನ್ ಪೈಪಿನ ಕೊಳವೆ ಅಲ್ಯುಮಿನಿಯಂನದು. ಲೋಹ ಬೇಗ ತಣಿಸುವುದರಿಂದ ನೀರು ಬಟ್ಟಲಿನ ಕೆಳಗಿನ ತಟ್ಟೆಯಲ್ಲೇ ಇಳಿಯುತ್ತದೆ. ನನಗೆ ಪೀಟರ್ಸನ್ನರ ಉಪಾಯವೇ ಹೆಚ್ಚು ಮೆಚ್ಚುಗೆಯಾದದ್ದು: ಹೊಗೆಯ ದಾರಿಗೆ ಅಡ್ಡ ಏನನ್ನೂ ಇಡದೆ ಭಾರವಾದದ್ದು ತಾನಾಗಿಯೇ ಕೆಳಗೆ ಬೀಳುವಂತೆ ಮಾಡಿದ್ದು. ಇವೆರಡೂ ತಮ್ಮನ್ನು ನೀರು ಹಿಡಿಯುವ ವ್ಯವಸ್ಥೆಯೆಂದೇ ಪರಿಚಯಿಸಿಕೊಂಡವು ಎಂಬುದನ್ನು ಗಮನಿಸಬೇಕು.

ಇನ್ನು ಬದಲಾಯಿಸುತ್ತಾ ಹೋಗಬೇಕಾದ ಫಿಲ್ಟರುಗಳು. ಗಾತ್ರದಲ್ಲಿ ಮುಖ್ಯವಾಗಿ ಎರಡು ಬಗೆ: 6 ಮಿ.ಮೀ. ಮತ್ತು 9 ಮಿ.ಮೀ. ವ್ಯಾಸದವು. ಅಮೆರಿಕದಲ್ಲಿ ಹೀರುಕಾಗದ ಸುತ್ತಿದ 6 ಮಿ.ಮೀ. ಫಿಲ್ಟರು ಹಳೆಯ ರೂಢಿ; ಜರ್ಮನಿಯಲ್ಲಿ 9 ಮಿ.ಮೀ. ಫಿಲ್ಟರಿಲ್ಲದ ಪೈಪನ್ನು ಹುಡುಕಬೇಕು ಎನ್ನುವಷ್ಟು ಅದು ಬಳಕೆಯಲ್ಲಿದೆ. ಇಟಲಿಯ ಸಾವಿನೆಲ್ಲಿ ಕಂಪನಿ ಬಾಲ್ಸಾ ಮರದ ತ್ರಿಕೋನ ಕಡ್ಡಿಗಳನ್ನು ಮಾಡುತ್ತದೆ. ಬಾಲ್ಸಾ ದಕ್ಷಿಣ ಮತ್ತು ಮಧ್ಯ ಅಮೆರಿಕದ ಮರ, ವ್ಯಾಪಾರಕ್ಕೆ ಬರುವ ಮರಗಳಲ್ಲಿ ಅತಿ ಹಗುರವಾದವುಗಳ ಪೈಕಿ ಒಂದು. ದುಂಡು ರಂಧ್ರದಲ್ಲಿ ತ್ರಿಕೋನದ ಕಡ್ಡಿ ಕೂತಾಗ ಮೂರು ಪಕ್ಕಗಳಲ್ಲಿ ಸಂದು ಉಳಿಯುತ್ತದೆ, ಹೊಗೆ ಆ ಸಂದಿನಲ್ಲಿ ಸಾಗುತ್ತದೆ. ಅಂದರೆ ಹೊಗೆ ಮರವನ್ನು ಸವರಿಕೊಂಡು ಹೋಗುತ್ತದೆಯೇ ಹೊರತು ಮರದ ಮೂಲಕ ಹಾಯುವುದಿಲ್ಲ. ಕೆನಡಾದ ಬ್ರಿಗಮ್ ಪೈಪುಗಳಲ್ಲಿ ಮೇಪಲ್ ಮರದ ಕೊಳವೆ ಇದೇ ಕೆಲಸ ಮಾಡುತ್ತದೆ. ಕಾಗದ, ಬಾಲ್ಸಾ, ಮೇಪಲ್ ಇವು ಮೂರೂ ಮುಖ್ಯವಾಗಿ ತೇವವನ್ನು ಹೀರುತ್ತವೆ, ತೇವದೊಡನೆ ಬಂದ ಟಾರಿನ ಒಂದಂಶವನ್ನು ಹಿಡಿಯುತ್ತವೆ.

ನಾಲ್ಕನೆಯ ಬಗೆಯನ್ನು ನಮ್ಮ ಜಿಲ್ಲೆಯವರಿಗೆ ಹೆಚ್ಚು ಹೊತ್ತು ವಿವರಿಸಬೇಕಿಲ್ಲ, ಏಕೆಂದರೆ ಅದರ ಮೂಲವಸ್ತು ನಮ್ಮ ಹಿತ್ತಲಿನದು. ತಿಪಟೂರಿನ ಉಂಡೆ ಕೊಬ್ಬರಿ ಸುಲಿದ ಮೇಲೆ ಉಳಿಯುವ ಚಿಪ್ಪನ್ನು ಗಾಳಿ ಸಾಕಷ್ಟು ಸಿಗದಂತೆ ಸುಟ್ಟರೆ ಇದ್ದಿಲಾಗುತ್ತದೆ. ಆ ಇದ್ದಿಲನ್ನು 800ರಿಂದ 1,000 ಡಿಗ್ರಿ ಸೆಲ್ಸಿಯಸ್‌ ಕಾವಿನಲ್ಲಿ ನೀರಿನ ಹಬೆಗೆ ಒಡ್ಡಿದರೆ ಅದರೊಳಗೆ ಅಸಂಖ್ಯಾತ ಸೂಕ್ಷ್ಮ ರಂಧ್ರಗಳು ತೆರೆದುಕೊಂಡು ಸಕ್ರಿಯ ಇಂಗಾಲವಾಗುತ್ತದೆ. ಒಳ್ಳೆಯ ಸಕ್ರಿಯ ಇಂಗಾಲದ 1 ಗ್ರಾಂ ಪುಡಿಯ ಒಳಮೇಲ್ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತದೆ. ತೆಂಗಿನ ಚಿಪ್ಪಿನ ಇಂಗಾಲದ ವೈಶಿಷ್ಟ್ಯವೆಂದರೆ ಅದರ ರಂಧ್ರಗಳಲ್ಲಿ ಬಹಳಷ್ಟು 2 ನ್ಯಾನೋಮೀಟರಿಗಿಂತ ಕಿರಿದಾದವು. ಆವಿಯ ರೂಪದಲ್ಲಿರುವ ಸಾವಯವ ಅಣುಗಳನ್ನು ಹಿಡಿಯಲು ಈ ಗಾತ್ರ ಹೇಳಿ ಮಾಡಿಸಿದಂತಿದೆ. ಮನೆಯ ನೀರಿನ ಯಂತ್ರದಲ್ಲಿ, ಸಕ್ಕರೆ ಕಾರ್ಖಾನೆಗಳಲ್ಲಿ, ಚಿನ್ನ ತೆಗೆಯುವ ಘಟಕಗಳಲ್ಲಿ ಬಳಸುವ ಈ ವಸ್ತುವೇ 9 ಮಿ.ಮೀ. ಫಿಲ್ಟರಿನ ಕಾಗದದ ಕೊಳವೆಯೊಳಗೆ ಕಾಳುಕಾಳಾಗಿ ತುಂಬಿರುತ್ತದೆ. ಜರ್ಮನಿಯ ನ್ಯೂರೆಂಬರ್ಗಿನ ವಾವೆನ್ ಕಂಪನಿಯ ಫಿಲ್ಟರುಗಳು ಇದಕ್ಕೆ ಪ್ರಸಿದ್ಧ. ಕೊಳವೆಯ ಒಂದು ತುದಿಗೆ ಸೆರಾಮಿಕ್ ಬಿಲ್ಲೆ, ಇನ್ನೊಂದು ತುದಿಗೆ ಪ್ಲಾಸ್ಟಿಕ್ ಬಿಲ್ಲೆ ಇದ್ದರೆ ಕಾವು ತಾಳುವ ಸೆರಾಮಿಕ್ ತುದಿಯನ್ನು ಬಟ್ಟಲಿನ ಕಡೆಗೆ ಇಡಬೇಕು.

ಸಕ್ರಿಯ ಇಂಗಾಲ ಬಹಳ ಒಳ್ಳೆಯ ವಸ್ತು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಅದು ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಹಿಡಿಯುವುದಿಲ್ಲ ಎಂಬುದಕ್ಕೆ ನಿಯಮವಿದೆ. ದೊಡ್ಡದಾದ, ಭಾರವಾದ, ಸುಲಭವಾಗಿ ದ್ರವವಾಗುವ ಅಣುಗಳನ್ನು ಅದು ರಂಧ್ರಗಳಲ್ಲಿ ಎಳೆದು ಹಿಡಿದಿಡುತ್ತದೆ. ಕ್ಯಾನ್ಸರಿಗೆ ಕಾರಣವಾಗುವ ಬೆಂಜೀನ್ ಅಂಥದ್ದು, ಹೊಗೆಯಲ್ಲಿರುವ ಬೆಂಜೀನಿನ ಒಂದು ಪಾಲನ್ನು ಇಂಗಾಲದ ಫಿಲ್ಟರು ನಿಜವಾಗಿಯೂ ತಡೆಯಬಲ್ಲದು. ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಇದಕ್ಕೆ ತೀರ ವಿರುದ್ಧವಾದ ಅಣು. ಎರಡೇ ಪರಮಾಣುಗಳ ಹಗುರ ಅನಿಲ, ದ್ರವವಾಗಬೇಕಾದರೆ ಸೊನ್ನೆಗಿಂತ 191 ಡಿಗ್ರಿಗೂ ಕೆಳಗೆ ತಣಿಯಬೇಕು. ಕೋಣೆಯ ಉಷ್ಣತೆಯಲ್ಲಿಯೇ ಇಂಗಾಲ ಅದನ್ನು ಹಿಡಿಯದು. ಬಿಸಿ ಹೊಗೆಯಲ್ಲಿ ಹಿಡಿಯುವ ಮಾತೇ ಇಲ್ಲ. ಇದರ ಜತೆಗೆ, ಹೊಗೆಯ ತೇವ ರಂಧ್ರಗಳಲ್ಲಿ ಜಾಗ ಹಿಡಿಯುತ್ತದೆ, ಟಾರು ರಂಧ್ರಗಳ ಬಾಯನ್ನು ಮುಚ್ಚುತ್ತದೆ, ಹೊಗೆಯಂತೂ ಆ ನಾಲ್ಕು ಸೆಂಟಿಮೀಟರ್ ದಾರಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿರುತ್ತದೆ.

ಪಾವಗಡದ ಕಡೆಯವರು ಈ ಸಭೆಯಲ್ಲಿದ್ದೀರಿ. ಅಲ್ಲಿಯ ಕೊಳವೆಬಾವಿಗಳ ನೀರನ್ನು ಮನೆಯ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೆ ನೀರು ತಿಳಿಯಾಗುತ್ತದೆ, ಮಣ್ಣು ಉಳಿಯುತ್ತದೆ, ಕುಡಿಯಲು ಚೆನ್ನಾಗಿಯೂ ಇರುತ್ತದೆ. ಆದರೆ ಕರಗಿರುವ ಫ್ಲೋರೈಡು ಅಷ್ಟೂ ಹಾಗೆಯೇ ಕೆಳಗಿಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕಾದ, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದಾದ ಆ ಫ್ಲೋರೈಡು, ಹಲ್ಲನ್ನು ಕಂದಾಗಿಸಿ, ವರ್ಷಗಟ್ಟಲೆ ಕುಡಿದವರ ಮೂಳೆಯನ್ನು ಬಗ್ಗಿಸಿದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಅದನ್ನು ತೆಗೆಯಲು ಆರ್‌ಒ ಘಟಕ ಬೇಕಾಯಿತು, ಇಲ್ಲವೇ ಸಕ್ರಿಯ ಅಲ್ಯುಮಿನಾ ಬೇಕಾಯಿತು. ಯಾರೂ ಕ್ಯಾಂಡಲ್ ಫಿಲ್ಟರು ಕೆಟ್ಟದ್ದೆಂದು ಹೇಳಲಿಲ್ಲ. ಅದು ಮಣ್ಣಿಗಾಗಿ ಮಾಡಿದ್ದು, ಫ್ಲೋರೈಡಿಗಾಗಿ ಅಲ್ಲ ಎಂದರು. ಪೈಪಿನ ಫಿಲ್ಟರಿನ ಬಗ್ಗೆಯೂ ನಾನು ಹೇಳುವುದು ಇಷ್ಟನ್ನೇ. ಅದು ರಸಕ್ಕಾಗಿ ಮಾಡಿದ್ದು, ವಿಷಾನಿಲಕ್ಕಾಗಿ ಅಲ್ಲ.

ಅನಿಲವಿರಲಿ, ಹೊಗೆಯ ಕಣಗಳನ್ನಾದರೂ ಫಿಲ್ಟರು ಪೂರ್ತಿ ಹಿಡಿಯುತ್ತದೆಯೇ? ತಂಬಾಕಿನ ಹೊಗೆಯ ಕಣಗಳು ಬಹುಮಟ್ಟಿಗೆ 0.1ರಿಂದ 1 ಮೈಕ್ರಾನ್ ಗಾತ್ರದವು. ನಿಕೋಟಿನ್, ಕ್ಯಾನ್ಸರು ತರುವ ಬೆಂಜೋಪೈರೀನ್ ಮತ್ತು ತಂಬಾಕಿಗೇ ವಿಶಿಷ್ಟವಾದ ನೈಟ್ರೋಸಮೀನ್‌ಗಳು ಹೆಚ್ಚಾಗಿ ಈ ಕಣಗಳಲ್ಲಿರುತ್ತವೆ. ನಾರಿನ ಫಿಲ್ಟರು ಕಣಗಳನ್ನು ಹಿಡಿಯುವ ರೀತಿಯಲ್ಲಿ ಒಂದು ವಿಚಿತ್ರವಿದೆ. ದೊಡ್ಡ ಕಣಗಳು ಗಾಳಿಯ ಜತೆ ತಿರುಗಲಾರದೆ ನೇರ ಹೋಗಿ ನಾರಿಗೆ ಬಡಿದು ಸಿಕ್ಕಿಬೀಳುತ್ತವೆ. ತೀರ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಲಾಡುತ್ತಾ ನಾರಿಗೆ ತಗಲಿ ಅಂಟಿಕೊಳ್ಳುತ್ತವೆ. ಇವೆರಡಕ್ಕೂ ನಡುವಿನ, ಸುಮಾರು 0.3 ಮೈಕ್ರಾನ್ ಆಸುಪಾಸಿನ ಕಣಗಳೇ ಹಿಡಿಯಲು ಎಲ್ಲಕ್ಕಿಂತ ಕಷ್ಟವಾದವು. ಕೋವಿಡ್ ಕಾಲದಲ್ಲಿ ಎನ್95 ಮುಖಗವಸನ್ನು ಇದೇ ಗಾತ್ರದ ಕಣಗಳಿಂದ ಪರೀಕ್ಷಿಸುತ್ತಾರೆಂದು ನೀವು ಓದಿರಬಹುದು. ತಂಬಾಕಿನ ಹೊಗೆ ಬಹುಪಾಲು ಅದೇ ಆಸುಪಾಸಿನಲ್ಲಿ ಬಂದು ಕೂತಿದೆ. ದಟ್ಟವಾದ ಫಿಲ್ಟರು ಇಟ್ಟು ಇವನ್ನೂ ಹಿಡಿಯಬಹುದು, ಆದರೆ ಆಗ ಹೊಗೆ ಎಳೆಯಲು ಬರುವುದಿಲ್ಲ. ಎಳೆಯಲು ಬರುವಷ್ಟು ಸಡಿಲವಾದ ಯಾವ ಫಿಲ್ಟರೂ ಹೊಗೆಯನ್ನು ಸಾಕಷ್ಟು ಬಿಡಲೇಬೇಕು. ಬಿಡದಿದ್ದರೆ ಅದನ್ನು ಯಾರೂ ಕೊಳ್ಳುವುದಿಲ್ಲ.

ಸೇದಿ ತೆಗೆದ ಫಿಲ್ಟರು ಕಪ್ಪಾಗಿರುವುದನ್ನು ತೋರಿಸಿ, ಇಷ್ಟೆಲ್ಲ ಒಳಗೆ ಹೋಗುವುದು ತಪ್ಪಿತಲ್ಲ ಎನ್ನುವವರಿದ್ದಾರೆ. ತಪ್ಪಿದ್ದು ನಿಜ. ಆದರೆ ಒಳಗೆ ಹೋದದ್ದೆಷ್ಟು ಎಂಬುದನ್ನು ಆ ಬಣ್ಣ ಹೇಳುವುದಿಲ್ಲ. ಸಿಗರೇಟಿನ ಚರಿತ್ರೆಯಲ್ಲಿ ಈ ಬಣ್ಣದ ಮಾತಿಗೆ ದೊಡ್ಡ ಪಾತ್ರವಿದೆ. 1950ರಲ್ಲಿ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ, ಬ್ರಿಟನ್ನಿನಲ್ಲಿ ಡಾಲ್ ಮತ್ತು ಹಿಲ್, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಪ್ರಕಟಿಸಿದ ಮೇಲೆ ಹೆದರಿದ ಗ್ರಾಹಕರಿಗಾಗಿ ಫಿಲ್ಟರ್ ಸಿಗರೇಟುಗಳು ಮಾರುಕಟ್ಟೆಯನ್ನು ತುಂಬಿದವು. 1953ರಲ್ಲಿ ಅಮೆರಿಕದ ಒಂದು ಸಿಗರೇಟು ಕಂಪನಿಯ ರಸಾಯನ ವಿಜ್ಞಾನಿ ಕ್ಲಾಡ್ ಟೀಗ್, ಹೊಗೆ ತಾಗಿದೊಡನೆ ಬಣ್ಣ ತಿರುಗುವ ಫಿಲ್ಟರಿಗೆ ಜಾಹೀರಾತಿನ ಬೆಲೆ ದೊಡ್ಡದು ಎಂಬ ಅರ್ಥದ ಟಿಪ್ಪಣಿ ಬರೆದಿಟ್ಟರು. ಅದಕ್ಕಿಂತ ಒಂದು ವರ್ಷ ಮುಂಚೆ, 1952ರಲ್ಲಿ, ಆರೋಗ್ಯ ರಕ್ಷಣೆಯ ಹೆಸರಿನಲ್ಲಿ ಬಂದ ಕೆಂಟ್ ಸಿಗರೇಟಿನ ಮೈಕ್ರೊನೈಟ್ ಫಿಲ್ಟರಿನಲ್ಲಿ, ಉಸಿರಿನ ಜತೆ ಒಳಗೆ ಹೋದರೆ ಕ್ಯಾನ್ಸರು ತರುವ ನೀಲಿ ಆಸ್ಬೆಸ್ಟಾಸ್ ಎಂಬ ಖನಿಜದ ನಾರು ಇತ್ತು. 1956ರವರೆಗೂ ಜನ ಅದರ ಮೂಲಕ ಉಸಿರೆಳೆದರು. ಫಿಲ್ಟರಿನ ಮೇಲಿನ ನಂಬಿಕೆ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ದುಃಖದ ಉದಾಹರಣೆ ನನಗೆ ಗೊತ್ತಿಲ್ಲ.

ಆಸ್ಬೆಸ್ಟಾಸ್ ಹೋಯಿತು, ಆದರೆ ಮೂಲ ಸಮಸ್ಯೆ ಹೋಗಲಿಲ್ಲ. ದೇಹಕ್ಕೆ ನಿಕೋಟಿನಿನ ಅಭ್ಯಾಸವಾದವರು ತಮಗೆ ಬೇಕಾದ ಪ್ರಮಾಣ ಸಿಗುವವರೆಗೆ ಬಿಡುವುದಿಲ್ಲ. ಫಿಲ್ಟರು ನಿಕೋಟಿನನ್ನು ಕಡಿಮೆ ಮಾಡಿದರೆ ದಮ್ಮು ದೊಡ್ಡದಾಗುತ್ತದೆ, ಆಳವಾಗುತ್ತದೆ, ಬೇಗ ಬೇಗ ಬರುತ್ತದೆ. ಯಂತ್ರದಿಂದ ಸೇದಿಸಿ ಅಳೆದಾಗ ಕಡಿಮೆಯಿದ್ದ ಟಾರು ಮನುಷ್ಯ ಸೇದಿದಾಗ ಕಡಿಮೆಯಾಗದಿರುವುದು ಇದರಿಂದಲೇ. 2014ರಲ್ಲಿ ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ ಇನ್ನೂ ಮುಂದೆ ಹೋಗಿ, 1950ರ ದಶಕದಿಂದೀಚೆಗೆ ಸಿಗರೇಟಿನ ವಿನ್ಯಾಸದಲ್ಲಾದ ಬದಲಾವಣೆಗಳಿಂದ ಶ್ವಾಸಕೋಶದ ಅಡಿನೊಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರು ಹೆಚ್ಚಿದೆ ಎಂದು ತೀರ್ಮಾನಿಸಿತು. ಪೈಪಿನ ಫಿಲ್ಟರಿಗೆ ಇಷ್ಟು ಆಳವಾದ ಅಧ್ಯಯನಗಳ ಬೆನ್ನುಬಲವಿಲ್ಲ, ಆದರೆ ಸೇದುವ ಮನುಷ್ಯ ಎರಡರಲ್ಲೂ ಒಬ್ಬನೇ.

ಪೈಪು ಸೇದುವವರು ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಎತ್ತುತ್ತಾರೆ: ನಾವು ಹೊಗೆಯನ್ನು ಎದೆಗೆ ಎಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ. ಹೆಚ್ಚಿನವರ ಮಟ್ಟಿಗೆ ಇದು ನಿಜ, ಅದಕ್ಕೆ ರಾಸಾಯನಿಕ ಕಾರಣವೂ ಇದೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ನಿನಲ್ಲಿ ಬೇಯಿಸಿ ಒಣಗಿಸುವ, ಸಿಗರೇಟಿಗೆ ಬಳಸುವ ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಹೆಚ್ಚು, ಅದರ ಹೊಗೆ ಆಮ್ಲೀಯ. ಆಮ್ಲೀಯ ಹೊಗೆಯ ನಿಕೋಟಿನ್ ಬಾಯಿಯ ಒಳಪೊರೆಯಲ್ಲಿ ಸರಿಯಾಗಿ ಇಳಿಯದ ಕಾರಣ ಎದೆಗೆಳೆಯದೆ ವಿಧಿಯಿಲ್ಲ. ಗಾಳಿಯಲ್ಲಿ ಒಣಗಿಸಿದ ಎಲೆಗಳು ಹೆಚ್ಚಿರುವ ಸಿಗಾರು, ಪೈಪಿನ ಮಿಶ್ರಣಗಳ ಹೊಗೆ ಕ್ಷಾರದ ಕಡೆಗೆ ವಾಲುತ್ತದೆ, ಅಲ್ಲಿ ನಿಕೋಟಿನ್ ಬಾಯಿಯಲ್ಲೇ ರಕ್ತಕ್ಕೆ ಸೇರುತ್ತದೆ. ಎದೆಗೆಳೆಯುವ ಅಗತ್ಯ ಕಡಿಮೆ. ಆದರೆ ಸಿಗರೇಟು ಬಿಟ್ಟು ಪೈಪಿಗೆ ಬಂದವರು ಹಳೆಯ ಅಭ್ಯಾಸದಿಂದ ಎಳೆಯುವುದೇ ಹೆಚ್ಚು, ನಾನು ಮೊದಲು ಹೇಳಿದ ಯುವಕರು ಈ ಗುಂಪಿನವರು.

ಎಳೆಯದವರಿಗೆ ಬಾಯಿ ಇದೆ. ಜರ್ಮನಿಯ ವೈದ್ಯ ಸೊಮ್ಮರಿಂಗ್ 1795ರಷ್ಟು ಹಿಂದೆಯೇ, ಪೈಪು ಸೇದುವವರಲ್ಲಿ ತುಟಿಯ ಕ್ಯಾನ್ಸರು ಹೆಚ್ಚು ಎಂದು ಗುರುತಿಸಿದ್ದರು. 1964ರ ಅಮೆರಿಕದ ಸರ್ಜನ್ ಜನರಲ್ ವರದಿ ಪೈಪಿಗೂ ತುಟಿಯ ಕ್ಯಾನ್ಸರಿಗೂ ಕಾರ್ಯಕಾರಣ ಸಂಬಂಧವಿದೆ ಎಂದು ಒಪ್ಪಿತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ದೀರ್ಘಕಾಲದ ಅಧ್ಯಯನದಲ್ಲಿದ್ದ 1.38 ಲಕ್ಷ ಪುರುಷರ ಮಾಹಿತಿಯನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಪೈಪನ್ನು ಬಿಟ್ಟು ಬೇರೇನನ್ನೂ ಸೇದದವರಲ್ಲಿಯೂ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ತಂಬಾಕನ್ನೇ ಮುಟ್ಟದವರಿಗಿಂತ ಸುಮಾರು ಐದು ಪಟ್ಟು. ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳದ ಕ್ಯಾನ್ಸರುಗಳ ಅಪಾಯವೂ ಹೆಚ್ಚು. ಸಿಗರೇಟಿನ ಅಪಾಯಕ್ಕಿಂತ ಇದು ಒಟ್ಟಿನಲ್ಲಿ ಕಡಿಮೆ ಎಂಬುದನ್ನೂ ಅದೇ ವರದಿ ಹೇಳುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಆ ವ್ಯತ್ಯಾಸ ಬಂದದ್ದು ಸೇದುವ ರೀತಿಯಿಂದ ಮತ್ತು ಪ್ರಮಾಣದಿಂದ. ಅದರ ಕೀರ್ತಿಯನ್ನು ಫಿಲ್ಟರಿಗೆ ಕೊಡಲು ಆಧಾರವಿಲ್ಲ.

ಹೊಗೆಯನ್ನು ಶುದ್ಧಮಾಡಿ ಸೇದಬಹುದೆಂಬ ಆಸೆ ನಮ್ಮ ನಾಡಿಗೆ ಹೊಸತಲ್ಲ. ಅಕ್ಬರನ ಆಸ್ಥಾನಕ್ಕೆ ತಂಬಾಕನ್ನು ಪರಿಚಯಿಸಿದ ಅಸದ್ ಬೇಗ್ ಅದನ್ನು ಕಂಡದ್ದು, ಕೊಂಡುಹೋದದ್ದು ನಮ್ಮ ಬಿಜಾಪುರದಿಂದ; 17ನೇ ಶತಮಾನದ ಮೊದಲ ವರ್ಷಗಳ ಮಾತದು. ರತ್ನ ಕೂರಿಸಿದ ಕೊಳವೆಯನ್ನು ಬಾದಶಹನ ಮುಂದಿಟ್ಟಾಗ ಆಸ್ಥಾನದ ಹಕೀಮರು ಬೇಡವೆಂದು ತಡೆದರು ಎಂದು ಅಸದ್ ಬೇಗನೇ ಬರೆದಿದ್ದಾನೆ. ಹೊಗೆಯನ್ನು ನೀರಿನೊಳಗಿಂದ ಹಾಯಿಸುವ ಗುಡುಗುಡಿ, ಅಂದರೆ ಹುಕ್ಕಾ, ಹಕೀಮರ ಸಲಹೆಯಿಂದಲೇ ಬಂತೆಂಬ ಮಾತೂ ಪ್ರಚಲಿತವಾಗಿದೆ. ನೀರು ಹೊಗೆಯನ್ನು ತಣಿಸುತ್ತದೆ, ನೀರಿನಲ್ಲಿ ಕರಗುವ ಒಂದಿಷ್ಟನ್ನು ಹಿಡಿಯುತ್ತದೆ. ಕಾರ್ಬನ್ ಮಾನಾಕ್ಸೈಡು ನೀರಿನಲ್ಲಿ ಕರಗುವುದು ತೀರ ಕಡಿಮೆ, ಮೇಲಾಗಿ ಹುಕ್ಕಾದಲ್ಲಿ ಉರಿಯುವ ಇದ್ದಿಲು ಆ ಅನಿಲವನ್ನು ಬೇರೆಯಾಗಿ ಸೇರಿಸುತ್ತದೆ. ತಣ್ಣಗಿರುವುದರಿಂದ ಜನ ಒಂದು ಗಂಟೆ ಕೂತು ಸೇದುತ್ತಾರೆ, ಆ ಒಂದು ಗಂಟೆಯಲ್ಲಿ ಎಳೆದ ಹೊಗೆಯ ಗಾತ್ರ ಒಂದು ಸಿಗರೇಟಿನ ಹೊಗೆಯ 100ರಿಂದ 200 ಪಟ್ಟು ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹಾ ಟಿಪ್ಪಣಿ ಹೇಳಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹುಕ್ಕಾವನ್ನು ನಿಷೇಧಿಸಿದ್ದು ನಿಮಗೆ ತಿಳಿದಿದೆ.

ಪೈಪನ್ನು ಸೇದಿಯೇ ಸೇದುತ್ತೇನೆ ಎನ್ನುವವರಿಗೆ ಫಿಲ್ಟರಿನ ಬಳಕೆಯ ಬಗ್ಗೆ ಎರಡು ಮಾತು ಹೇಳಬೇಕು. ಅದನ್ನು ಒಂದೆರಡು ಸಲದ ಮೇಲೆ ಬಳಸಬಾರದು. ತುಂಬಿದ ಫಿಲ್ಟರು ಏನನ್ನೂ ಹಿಡಿಯದು, ದಮ್ಮಿಗೆ ಅಡ್ಡವಾಗುವುದು ಮಾತ್ರ. 9 ಮಿ.ಮೀ. ಪೈಪನ್ನು ಫಿಲ್ಟರು ತೆಗೆದು ಹಾಗೆಯೇ ಸೇದಿದರೆ ಆ ಅಗಲವಾದ ಖಾಲಿ ಜಾಗದಲ್ಲಿ ಹೊಗೆ ಹರಡಿ ತಣಿದು ನೀರು ಇನ್ನೂ ಹೆಚ್ಚುತ್ತದೆ. ಅದಕ್ಕೆಂದೇ ಕಿರಿದಾದ ಕೊಳವೆಯೊಂದು ಸಿಗುತ್ತದೆ. ತಂಬಾಕನ್ನು ತುಂಬುವ ಮೊದಲು ಸ್ವಲ್ಪ ಹೊತ್ತು ಆರಲು ಹರಡುವುದು, ನಿಧಾನವಾಗಿ ಸೇದುವುದು, ಒಮ್ಮೆ ಸೇದಿದ ಪೈಪನ್ನು ಒಣಗಲು ಬಿಡುವುದು, ನಾರುಕಡ್ಡಿಯಿಂದ ರಂಧ್ರವನ್ನು ಒರೆಸುವುದು, ಇಷ್ಟು ಮಾಡಿದರೆ ಫಿಲ್ಟರು ತೆಗೆಯುವಷ್ಟು ತೇವವನ್ನು ಇವೇ ತೆಗೆಯುತ್ತವೆ. ಫಿಲ್ಟರು ಬೇಕೇ ಬೇಡವೇ ಎಂಬುದು ಬಾಯಿಯ ಹಿತಕ್ಕೆ ಸಂಬಂಧಿಸಿದ ಆಯ್ಕೆಯೆಂದು ನಾನು ಹೇಳುವುದು ಈ ಕಾರಣಕ್ಕೆ.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಕೆಲವು:

ಹಿರಿಯರೊಬ್ಬರು, ಚಿಲುಮೆ ಸೇದುವವರು ಬಾಯಿಯ ತುದಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರಲ್ಲ, ಅದೂ ಫಿಲ್ಟರೇ ತಾನೇ ಎಂದು ಕೇಳಿದರು. ಹೌದು. ಕಿಡಿ, ಬೂದಿ, ದಪ್ಪ ಟಾರು ಬಾಯಿಗೆ ಬರದಂತೆ ಅದು ತಡೆಯುತ್ತದೆ, ಹೊಗೆಯನ್ನು ತಣಿಸುತ್ತದೆ. ಕಾಗದದ ಫಿಲ್ಟರಿನ ಮಿತಿಯೇ ಅದರ ಮಿತಿಯೂ ಹೌದು.

ಪೈಪಿನೊಳಗೆ ಹತ್ತಿಯನ್ನೋ ಸಿಗರೇಟಿನ ಫಿಲ್ಟರನ್ನೋ ಕತ್ತರಿಸಿ ತುಂಬಬಹುದೇ ಎಂದು ಒಬ್ಬ ಯುವಕ ಕೇಳಿದರು. ಬೇಡ. ಸಿಗರೇಟಿನ ಫಿಲ್ಟರು ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ನಾರಿನದು, ಪೈಪಿನ ಕಾವಿಗೆ ಎಂದು ಮಾಡಿದ್ದಲ್ಲ. ಹತ್ತಿಯ ಎಳೆಗಳು ದಮ್ಮಿನ ಜತೆ ಬಾಯಿಗೆ ಬರುತ್ತವೆ.

ಒಬ್ಬ ತಾಯಿ ಕೇಳಿದ ಪ್ರಶ್ನೆ ನನ್ನ ಉಪನ್ಯಾಸದಲ್ಲಿ ಬಿಟ್ಟುಹೋಗಿದ್ದ ಮುಖ್ಯ ಅಂಶವನ್ನು ಮುಂದಕ್ಕೆ ತಂದಿತು: ಮನೆಯಲ್ಲಿ ಮಗುವಿದೆ, ಮಾವನವರು ಪೈಪಿಗೆ ಫಿಲ್ಟರು ಹಾಕಿಯೇ ಸೇದುತ್ತಾರೆ, ಮಗುವಿಗೆ ತೊಂದರೆಯಿಲ್ಲವೇ? ಫಿಲ್ಟರು ಇರುವುದು ಬಟ್ಟಲಿಗೂ ಸೇದುವವರ ಬಾಯಿಗೂ ನಡುವೆ. ದಮ್ಮು ಎಳೆಯದ ಹೊತ್ತಿನಲ್ಲಿ ಬಟ್ಟಲಿನ ಬಾಯಿಂದ ಮೇಲೇಳುವ ಹೊಗೆ ಯಾವ ಫಿಲ್ಟರನ್ನೂ ಹಾಯದೆ ನೇರವಾಗಿ ಕೋಣೆಗೆ ಸೇರುತ್ತದೆ. ಕೋಣೆಯಲ್ಲಿರುವ ಮಗುವಿನ ಮಟ್ಟಿಗೆ ಆ ಪೈಪಿಗೆ ಫಿಲ್ಟರೇ ಇಲ್ಲ. ಮಾವನವರಿಗೆ ಈ ಮಾತನ್ನು ಹೀಗೆಯೇ ತಿಳಿಸಿ, ಮನೆಯೊಳಗೆ ಸೇದದಿರಲು ಕೇಳಿಕೊಳ್ಳಿ ಎಂದೆ. ಬಳಸಿದ ಫಿಲ್ಟರನ್ನೂ ಮಗುವಿನ ಕೈಗೆ ಸಿಗುವಂತೆ ಇಡಬಾರದು. ಅದರಲ್ಲಿ ಸೇರಿಕೊಂಡ ನಿಕೋಟಿನ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಮಗು ಬಾಯಿಗಿಟ್ಟು ಚೀಪಿದರೆ ಅಪಾಯ.

ಬಿಡಬೇಕೆನ್ನುವವರಿಗೆ ಪೈಪಲ್ಲದೆ ಬೇರೇನು ದಾರಿ ಎಂಬುದು ಕೊನೆಯ ಪ್ರಶ್ನೆ. ನಿಕೋಟಿನ್ ಗಮ್ಮು, ಪಟ್ಟಿಗಳು ಹೊಗೆಯಿಲ್ಲದೆ ನಿಕೋಟಿನನ್ನು ಕೊಟ್ಟು ಕ್ರಮೇಣ ಇಳಿಸಲು ನೆರವಾಗುತ್ತವೆ, ಅವನ್ನು ವೈದ್ಯರನ್ನು ಕೇಳಿ ಬಳಸಬೇಕು. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಸಂಖ್ಯೆ 1800-11-2356. ಕರೆಗೆ ಹಣವಿಲ್ಲ, ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿರುವುದರಿಂದ ಕನ್ನಡದಲ್ಲಿಯೇ ಮಾತನಾಡಬಹುದು.